ಬೆನ್ನ ಮೇಲೊಂದು ಮರಿ

ನಿನ್ನೆ ರಾತ್ರಿ ಮಗಳ ಜೊತೆ ವಿಷದ ಕಪ್ಪೆಗಳ ವಿಡಿಯೋ ನೋಡುತ್ತಾ ಕೂತಿದ್ದೆ. ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಕೊಲಂಬಿಯಾದ ಪೆಸಿಫಿಕ್ ಕರಾವಳಿಯ ಕಾಡಿನಲ್ಲಿ ಹೊಂಬಣ್ಣದ ಕಪ್ಪೆ ಒಂದಿದೆ. ಉದ್ದ ಸುಮಾರು 5 ಸೆಂಟಿಮೀಟರ್ ಅಷ್ಟೇ. ಅಲ್ಲಿನ ಎಂಬೆರಾ ಜನ ಊದುಕೊಳವೆಯ ಬಾಣದ ತುದಿಯನ್ನು ಅದರ ಬೆನ್ನಿಗೆ ಉಜ್ಜಿ ಬೇಟೆಗೆ ಹೋಗುತ್ತಿದ್ದರು. ಆದರೆ ಈ ಗುಂಪಿನ ಕಪ್ಪೆಗಳ ವಿಷ ಬರುವುದು ತಿನ್ನುವ ಇರುವೆ, ಜೀರುಂಡೆಯಂಥ ಪುಟ್ಟ ಹುಳುಗಳಿಂದ. ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿ ಬೇರೆ ಹುಳು ತಿಂದು ಬೆಳೆದರೆ ವಿಷವೇ ಇರುವುದಿಲ್ಲ!

ನನಗೆ ಜಾಸ್ತಿ ಹಿಡಿಸಿದ್ದು ಕೋಸ್ಟರಿಕಾ, ಪನಾಮಾ ಕಡೆಯ ಸ್ಟ್ರಾಬೆರಿ ಕಪ್ಪೆ. ಸುಮಾರು 2 ಸೆಂಟಿಮೀಟರ್ ಉದ್ದದ ಜೀವ. ಕೆಂಪು ಮೈ, ಕೆಲವಕ್ಕೆ ನೀಲಿ ಕಾಲು, ಜೀನ್ಸ್ ಹಾಕಿಕೊಂಡ ಹಾಗೆ. ನೆಲದ ಎಲೆಗಳ ನಡುವೆ ಮೊಟ್ಟೆ ಒಡೆದ ಮೇಲೆ ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ಗಿಡ ಹತ್ತುತ್ತಾಳೆ. ಅನಾನಸ್ ಜಾತಿಯ ಗಿಡಗಳ ಎಲೆಬುಡದಲ್ಲಿ ಒಂದಿಷ್ಟು ಮಳೆನೀರು ನಿಂತಿರುತ್ತದಲ್ವಾ, ಅಲ್ಲಿ ಬಿಡುತ್ತಾಳೆ. ಒಂದೊಂದು ಮರಿಗೆ ಒಂದೊಂದು ಮನೆ. ಸುಮ್ನೆ ಬಿಟ್ಟು ಹೋಗುವುದೂ ಇಲ್ಲ. ವಾರಗಟ್ಟಲೆ ಮತ್ತೆ ಮತ್ತೆ ಬರುತ್ತಾಳೆ. ಅಮ್ಮ ಬಂದಳೆಂದು ಗೊತ್ತಾದರೆ ಮರಿ ಮೈಯೆಲ್ಲ ನಡುಗಿಸಿ ಊಟ ಕೇಳುತ್ತದೆ. ಆಗ ಅವಳು ಮರಿಯಾಗದ ಮೊಟ್ಟೆ ಇಟ್ಟು ಉಣಿಸುತ್ತಾಳೆ. ಆ ಮೊಟ್ಟೆಯಲ್ಲಿ ಒಂಚೂರು ವಿಷವೂ ಇರುತ್ತದೆ, ಮರಿಯ ಕಾವಲಿಗೆ.

ಮಗಳು ಆ ಭಾಗವನ್ನು ಮೂರು ಸಲ ಹಾಕಿಸಿಕೊಂಡು ನೋಡಿದಳು. ಮೂರನೇ ಸಲಕ್ಕೆ ನನ್ನ ಮಡಿಲಿಗೆ ಬಂದಿದ್ದಳು.