ಬೋಳು ತಲೆಗೆ ಕಾಸಗಲ ಕುಂಕುಮ

ಹೊರಡುವ ಹೊತ್ತಿಗೆ ಅಮ್ಮ ದೇವರ ಗೂಡಿನಿಂದ ಕುಂಕುಮ ತಂದು ನನ್ನ ಹಣೆಗೆ ಕಾಸಗಲ ಇಟ್ಟಳು. ತಾಳಿಯನ್ನು ಸ್ವೆಟರಿನ ಹೊರಗೆ ಎಳೆದುಬಿಟ್ಟಳು. ಹದಿನೈದು ದಿನದಿಂದ ಅವಳ ನಾಲಿಗೆ ತುದಿಗೆ ಬಂದು ನಿಲ್ಲುತ್ತಿದ್ದ ಬೈಗುಳ ಯಾವುದೆಂದು ನನಗೆ ಗೊತ್ತಿತ್ತು, ಸುಮ್ಮನಿದ್ದೆ. ಸಾಗರದ ನಮ್ಮ ಮನೆಯಲ್ಲಿ ಅಜ್ಜಿಯ ಅತ್ತಿಗೆಯೊಬ್ಬರಿದ್ದರು. ಹದಿನಾರಕ್ಕೆ ಗಂಡ ಹೋಗಿ, ತಲೆ ಬೋಳಿಸಿಕೊಂಡು, ಕೆಂಪು ಸೀರೆಯಲ್ಲೇ ಮುದುಕಿಯಾದವರು. ಅಮ್ಮ ಬೆಳೆದದ್ದು ಅವರ ಮಡಿಲಲ್ಲಿ. ಹೆಂಗಸಿನ ಬೋಳು ತಲೆ ಅಂದರೆ ಅವಳಿಗೆ ಇವತ್ತಿಗೂ ಅದೇ ತಲೆ.

ನಾನು ಹೊರಟಿದ್ದು ನ್ಯೂಜೆರ್ಸಿಯ ನಮ್ಮೂರಿನ ಐರಿಷ್ ಪಬ್ಬಿಗೆ, ಸೇಂಟ್ ಬಾಲ್ಡ್ರಿಕ್ಸ್ ಕಾರ್ಯಕ್ರಮಕ್ಕೆ. ಆ ಹೆಸರಿನ ಸಂತ ಯಾರೂ ಇಲ್ಲ. ಬೋಳು ಅನ್ನುವುದಕ್ಕಿರುವ ಇಂಗ್ಲಿಷ್ ಪದವನ್ನೂ ಐರ್ಲೆಂಡಿನ ಸಂತ ಸೇಂಟ್ ಪ್ಯಾಟ್ರಿಕ್‌ನನ್ನೂ ಬೆಸೆದ ತಮಾಷೆ. 2000ದ ಮಾರ್ಚ್ 17ರಂದು ಮ್ಯಾನ್‌ಹಟನ್ನಿನ ಪಬ್ಬೊಂದರಲ್ಲಿ ವಿಮೆ ವ್ಯವಹಾರದ ಗೆಳೆಯರು 17 ತಲೆ ಬೋಳಿಸಿ 17 ಸಾವಿರ ಡಾಲರ್ ಎತ್ತೋಣ ಅಂದುಕೊಂಡಿದ್ದರಂತೆ. ಬಂದದ್ದು ಲಕ್ಷಕ್ಕೂ ಮೇಲೆ. ದುಡ್ಡು ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ.

"ನೀ ತಲೆ ಬೋಳಿಸಿಕೊಂಡ್ರೆ ಪಕ್ಕದ್ಮನೆ ಕೂಸು ಹುಷಾರಾಗ್ತದೇನೇ ಮಾರಾಯ್ತಿ? ಸುಮ್ನೆ ದುಡ್ಡು ಕೊಟ್ರಾಗ್ದಾ?"

ಅಮ್ಮ ಕೇಳಿದ್ದು ಸರಿಯಾಗಿಯೇ ಇತ್ತು. ಹೋದ ವರ್ಷ ಬೇರೊಂದು ಕೆಲಸಕ್ಕೆ ಆಫೀಸಿನಲ್ಲಿ ಎಲ್ಲರಿಗೂ ಮೇಲ್ ಹಾಕಿದ್ದೆ, 140 ಡಾಲರ್ ಬಂತು. ಈ ಸಲ ಸೊಂಟದವರೆಗಿನ ಜಡೆ ತೆಗೆಸ್ತೀನಿ ಅಂದಿದ್ದೇ ತಡ, 2,860. ಜಡೆಗೆ ಇಷ್ಟು ಬೆಲೆ ಅಂತ ಗೊತ್ತಿರಲಿಲ್ಲ.

ಅಮ್ಮ ಮೆತ್ತಗಾದದ್ದು ಮಾತ್ರ ಈ ಲೆಕ್ಕಕ್ಕಲ್ಲ, ಸುಬ್ಬರಾವ್ ಕತೆಗೆ. ನಮ್ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷಕ್ಕೆ ಪರ್ಲ್ ರಿವರ್ ಅನ್ನುವ ಊರು. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಲ್ಲಿನ ಲೆಡರ್ಲಿ ಪ್ರಯೋಗಾಲಯದಲ್ಲಿದ್ದರು. ಅವರ ತಂಡ ತಯಾರಿಸಿದ ಅಮಿನಾಪ್ಟೆರಿನ್ ಎಂಬ ಔಷಧಿಯನ್ನು ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಲ್ಯುಕೇಮಿಯಾದ, ಅಂದರೆ ರಕ್ತದ ಕ್ಯಾನ್ಸರಿನ, 16 ಮಕ್ಕಳಿಗೆ ಕೊಟ್ಟು ನೋಡಿದರು. 10 ಮಕ್ಕಳು ಚೇತರಿಸಿಕೊಂಡರು, ಕೆಲವೇ ತಿಂಗಳ ಮಟ್ಟಿಗೆ. ಅದು 1948ರ ಮಾತು. ಅದೇ ಜಾತಿಯ ಮೆಥೊಟ್ರೆಕ್ಸೇಟ್ ಈಗಲೂ ಪಕ್ಕದ ಮನೆ ಹುಡುಗಿಯ ಔಷಧಿಗಳಲ್ಲಿದೆ. ಅವಳಿಗೆ ಬಂದಿರುವ ಬಗೆಯ ಲ್ಯುಕೇಮಿಯಾದಲ್ಲಿ ಇವತ್ತು ಅಮೆರಿಕದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ.

"ತೆಲುಗಿನವ್ರಾ? ಹಾಗಾದ್ರೆ ತಿಮ್ಮಪ್ಪನ ಕಡೆಯವ್ರೇ," ಎಂದು ಅಮ್ಮ ದೇವರ ಮುಂದಿನ ಮುಡಿಪು ಬಿಚ್ಚಿ 51 ಡಾಲರ್ ಎಣಿಸಿದಳು.

ಪಬ್ಬಿನಲ್ಲಿ ಹಸಿರು ಟೊಪ್ಪಿ, ಗದ್ದಲ, ಬಿಯರ್ ವಾಸನೆ. ಮೊದಲು ಜಡೆ ಕತ್ತರಿಸಿ ಕೈಗೆ ಕೊಟ್ಟರು. ಹಾವಿನಷ್ಟು ಭಾರ. ಆಮೇಲೆ ಮಷೀನು. ಐದು ನಿಮಿಷವೂ ಆಗಲಿಲ್ಲ. ಪಕ್ಕದ ಮನೆ ಹುಡುಗಿ ಸಂಜೆ ಬಂದು ತಲೆ ಸವರಿ, "ನಂದು ನುಣ್ಣಗಿದೆ, ನಿಂದು ಚುಚ್ಚತ್ತೆ," ಎಂದು ಗೆದ್ದವಳಂತೆ ಹೋದಳು.

ರಾತ್ರಿ ವಿಡಿಯೊ ಕಾಲ್‌ನಲ್ಲಿ ಚಿಕ್ಕಮ್ಮ ಕಿರುಚಿದಳು. ಅಮ್ಮ ಫೋನು ಕಿತ್ತುಕೊಂಡು, "ಹರಕೆ ಇತ್ತು ಕಣೇ, ತಿಮ್ಮಪ್ಪಂದು," ಅಂದಳು.

"ಅಮೆರಿಕದಲ್ಲೂ ಮುಡಿ ತಗೋತಾರಾ ಅಕ್ಕಾ?"

"ಈಗ ಎಲ್ಲಾ ಕಡೆ ತಗೋತಾರೆ," ಎಂದು ಫೋನಿಟ್ಟಳು.