ಆ ಫೆಲೋಶಿಪ್ ದುಡ್ಡು ಎಲ್ಲಿಂದ ಬಂತು?

ಜಾಗತೀಕರಣದ ಮೇಲೆ ಸಂಶೋಧನೆ ಮಾಡುವವರಿಗೆ ಗಡಿ ದಾಟುವ ಬಂಡವಾಳ, ಸರಕು, ಜನ ಎಲ್ಲ ಬಾಯಿಪಾಠ. ಆದರೆ ತಾವು ಅರ್ಜಿ ಹಾಕುತ್ತಿರುವ ಫೆಲೋಶಿಪ್ಪೇ ಆ ಕಥೆಯ ಒಂದು ತುಂಡು ಅನ್ನೋದು ಮಾತ್ರ ಯಾಕೋ ಹೊಳೆಯುವುದಿಲ್ಲ.

ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ಫೆಲೋಶಿಪ್ಪನ್ನೇ ನೋಡಿ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆಯ ಸಾಮಾನು ಹೊರದೇಶಗಳಲ್ಲಿ ರಾಶಿ ಬಿದ್ದಿತ್ತು. ವಾಪಸ್ ಸಾಗಿಸಿದರೆ ನಷ್ಟ. ಅಲ್ಲೇ ಮಾರೋಣ ಅಂದರೆ ಕೊಳ್ಳುವ ಸರ್ಕಾರಗಳ ಕೈಯಲ್ಲಿ ಡಾಲರ್ ಇಲ್ಲ. ಆಗ ಸೆನೆಟರ್ ವಿಲಿಯಂ ಫುಲ್‌ಬ್ರೈಟ್ 1946ರಲ್ಲಿ ಒಂದು ಕಾನೂನು ತಂದರು: ಅವರು ತಮ್ಮ ದೇಶದ ಹಣದಲ್ಲೇ ಕೊಡಲಿ, ಅದು ವಿದ್ಯಾರ್ಥಿಗಳು, ಪ್ರಾಧ್ಯಾಪಕರು ಆಚೆಯಿಂದ ಈಚೆಗೆ ಓಡಾಡೋಕೆ ಖರ್ಚಾಗಲಿ. ಅಂದರೆ ಇಡೀ ಯೋಜನೆ ಹುಟ್ಟಿದ್ದು ಡಾಲರ್ ಅಭಾವದಿಂದ! ಜರ್ಮನ್ ಮಾರ್ಷಲ್ ಫಂಡ್ ಅನ್ನೋ ಸಂಸ್ಥೆಯ ಕಥೆಯೂ ಅಂಥದ್ದೇ. ಯುದ್ಧದ ನಂತರ ಯೂರೋಪನ್ನು ಮತ್ತೆ ಕಟ್ಟೋಕೆ ಅಮೆರಿಕ ಕೊಟ್ಟ ಮಾರ್ಷಲ್ ಯೋಜನೆಯ ನೆರವಿಗೆ ಕೃತಜ್ಞತೆಯಾಗಿ ಪಶ್ಚಿಮ ಜರ್ಮನಿ 1972ರಲ್ಲಿ ಕೊಟ್ಟ ಕಾಣಿಕೆ ಅದು.

ದುಡ್ಡಿನ ಹಿಂದೆ ಷರತ್ತು ಇದ್ದೇ ಇರುತ್ತದೆ. ಫುಲ್‌ಬ್ರೈಟ್‌ನಲ್ಲಿ ಅಮೆರಿಕಕ್ಕೆ ಹೋದವರಿಗೆ ಸಾಮಾನ್ಯವಾಗಿ ಎರಡು ವರ್ಷದ ನಿಯಮ ಅಂಟಿಕೊಳ್ಳುತ್ತದೆ. ಮೊದಲು ಸ್ವದೇಶದಲ್ಲಿ ಎರಡು ವರ್ಷ ಇರಬೇಕು, ಆಮೇಲೆ ತಾನೇ ಅಲ್ಲಿ ಕೆಲಸದ ವೀಸಾ, ಖಾಯಂ ವಾಸದ ಮಾತು. ಯೂರೋಪಿನ ಮೇರಿ ಸ್ಕ್ಲೊಡೊವ್ಸ್ಕಾ-ಕ್ಯೂರಿ ಪೋಸ್ಟ್‌ಡಾಕ್ (ಪಿಎಚ್‌ಡಿ ಆದವರಿಗೆ ಕೊಡುವ ಸಂಶೋಧನಾ ಫೆಲೋಶಿಪ್) ಇದಕ್ಕೆ ಪೂರ್ತಿ ಉಲ್ಟಾ. ಹೋಗಬೇಕೆಂದಿರುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಒಬ್ಬರು ವಾಪಸ್ ಹೋಗು ಅಂತಾರೆ, ಇನ್ನೊಬ್ಬರು ಇದ್ದಲ್ಲೇ ಇರಬೇಡ ಅಂತಾರೆ. ಪಿಎಚ್‌ಡಿ ಮುಗಿದ ದೇಶದಲ್ಲೇ ಗಂಡನಿಗೋ ಹೆಂಡತಿಗೋ ಕೆಲಸ ಸಿಕ್ಕಿದ್ದರೆ ಈ ನಿಯಮ ಎಷ್ಟು ಹಿಂಸೆ ಅಂತ ನೀವೇ ಯೋಚಿಸಿ. ಈ ಕ್ಯೂರಿ ಫೆಲೋಶಿಪ್‌ಗೆ ಪಿಎಚ್‌ಡಿ ನಂತರದ ಸಂಶೋಧನಾ ಅನುಭವ ಎಂಟು ವರ್ಷ ದಾಟಿರಬಾರದು ಅನ್ನೋದೂ ಇದೆ. ಹಾಗಾಗಿ ಅರ್ಜಿ ಬರೆಯೋಕೆ ಕೂರುವ ಮೊದಲು ಕ್ಯಾಲೆಂಡರ್ ನೋಡಿ.

ಜಾಗತೀಕರಣಕ್ಕೇ ಮೀಸಲು ಅನ್ನಬಹುದಾದ ಜಾಗಗಳು ಕಡಿಮೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನೀಹಾಸ್ ಕೇಂದ್ರ ಇದೆ, ಹೆಸರಲ್ಲೇ ಜಾಗತೀಕರಣ ಇಟ್ಟುಕೊಂಡಿದೆ. ಇದಕ್ಕೇ ಮೀಸಲು ಅಲ್ಲದಿದ್ದರೂ, ಇಟಲಿಯ ಫ್ಲಾರೆನ್ಸ್‌ನ ಯೂರೋಪಿಯನ್ ಯೂನಿವರ್ಸಿಟಿ ಇನ್‌ಸ್ಟಿಟ್ಯೂಟ್‌ನಲ್ಲಿ ಮ್ಯಾಕ್ಸ್ ವೆಬರ್ ಫೆಲೋಶಿಪ್ ಇದೆ, ಅಲ್ಲಿ ಅರ್ಥಶಾಸ್ತ್ರ, ಕಾನೂನು, ಇತಿಹಾಸ, ರಾಜಕೀಯದವರು ಒಟ್ಟಿಗೆ ಇರುತ್ತಾರೆ. ನನ್ನ ಮಟ್ಟಿಗೆ ಆ ಬೆರಕೆಯೇ ಸಂಬಳಕ್ಕಿಂತ ದೊಡ್ಡದು, ಯಾಕೆಂದರೆ ಅರ್ಥಶಾಸ್ತ್ರದವರೂ ಅಂತರರಾಷ್ಟ್ರೀಯ ಸಂಬಂಧದವರೂ ಒಬ್ಬರನ್ನೊಬ್ಬರು ಓದೋದೇ ಇಲ್ಲ ಅಂತ ಬ್ರಿಟಿಷ್ ವಿದ್ವಾಂಸೆ ಸೂಸನ್ ಸ್ಟ್ರೇಂಜ್ 1970ರಲ್ಲೇ ಬೈದು ಬರೆದಿದ್ದರು, ಆ ಬೈಗುಳ ಇವತ್ತಿಗೂ ಹಳೆಯದಾಗಿಲ್ಲ.

ಇನ್ನು ಪ್ರಪೋಸಲ್. ದಯವಿಟ್ಟು "ಜಾಗತೀಕರಣವು ಜಗತ್ತನ್ನೇ ಬದಲಿಸಿದೆ" ಅಂತ ಶುರು ಮಾಡಬೇಡಿ. ಓದುವವರ ಮೇಜಿನ ಮೇಲೆ ಅಂಥ ಅರ್ಜಿಗಳ ರಾಶಿಯೇ ಇರುತ್ತದೆ. ಬದಲಿಗೆ ಹೀಗೆ ಶುರು ಮಾಡಿದರೆ? ವಿದೇಶಿ ಹೂಡಿಕೆದಾರರಿಗೂ ಸರ್ಕಾರಗಳಿಗೂ ಇರುವ ವ್ಯಾಜ್ಯ ನಡೆಸೋಕೆ ವಿಶ್ವಬ್ಯಾಂಕ್ ಬಳಗದ ಇಕ್ಸಿಡ್ (ICSID) ಅನ್ನೋ ಸಂಸ್ಥೆ ಇದೆ. ಬೊಲಿವಿಯಾ 2007ರಲ್ಲಿ ಅದರಿಂದ ಆಚೆ ಬಂತು. ಎಕ್ವಡಾರ್ 2009ರಲ್ಲಿ, ವೆನೆಜುವೆಲಾ 2012ರಲ್ಲಿ. ಆದರೆ ಎಕ್ವಡಾರ್ 2021ರಲ್ಲಿ ಮತ್ತೆ ಒಳಗೆ ಹೋಯಿತು. ಸಿಟ್ಟು ಮಾಡಿಕೊಂಡು ಹೊರಟವರು ಯಾಕೆ ತಿರುಗಿ ಬರುತ್ತಾರೆ? ಸರ್ಕಾರ ಬದಲಾಯಿತು ಅಂತ ಸುಲಭದ ಉತ್ತರ ಇದೆ, ಆದರೆ ಅಷ್ಟೇನಾ? ಸಾಲ ಕೊಡುವವರು ಏನಂದರು? ಗಣಿ ಕಂಪನಿಗಳು? ನಾಲ್ಕೇ ವಾಕ್ಯದಲ್ಲಿ ಓದುವವರಿಗೆ ಕುತೂಹಲ ಹುಟ್ಟಿತು, ಅಲ್ವಾ? ಜಾಗತೀಕರಣ ಅನ್ನೋ ಪದವೇ ಬೇಕಾಗಲಿಲ್ಲ.

ಅವಧಿಯ ವಿಷಯ ಮಾತ್ರ ಯಾರೂ ಬಾಯಿಬಿಟ್ಟು ಹೇಳಲ್ಲ. ಒಂದು ವರ್ಷದ ಪೋಸ್ಟ್‌ಡಾಕ್ ಅಂದರೆ ನಿಜಕ್ಕೂ ಒಂದು ವರ್ಷ ಸಿಗುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಹೋಗಿ ಸೇರುತ್ತೀರಿ. ಅಮೆರಿಕದ ವಿಶ್ವವಿದ್ಯಾಲಯಗಳ ರಾಜಕೀಯ ವಿಜ್ಞಾನದ ಕೆಲಸಗಳಿಗೆ ಅರ್ಜಿ ಕೊನೆಯಾಗುವುದೂ ಸುಮಾರಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ. ಬ್ಯಾಂಕ್ ಖಾತೆ ತೆರೆಯುವ ವಾರದಲ್ಲೇ ಮುಂದಿನ ಕೆಲಸಕ್ಕೆ ಶಿಫಾರಸು ಪತ್ರ ಕೇಳುತ್ತಾ ಕೂತಿರುತ್ತೀರಿ. ಅದಾದ ಮೇಲೆ ಇಂಟರ್‌ವ್ಯೂ, ಅದಾದ ಮೇಲೆ ಫಲಿತಾಂಶದ ಚಿಂತೆ. ಎರಡು ವರ್ಷದ್ದು, ಸಂಬಳ ಸ್ವಲ್ಪ ಕಮ್ಮಿಯಾದರೂ, ಸಿಕ್ಕಿದರೆ ಕಣ್ಣು ಮುಚ್ಚಿ ತೊಗೊಳ್ಳಿ. ಒಂದೇ ವರ್ಷದ್ದಾದರೆ ಇಡೀ ಪುಸ್ತಕ ಮುಗಿಸುತ್ತೇನೆ ಅಂತ ಪ್ರಪೋಸಲ್‌ನಲ್ಲಿ ಬರೆಯಿರಿ, ಎಲ್ಲರೂ ಬರೆಯೋದೇ, ಆದರೆ ಮನಸ್ಸಿನಲ್ಲಿ ಒಂದು ಅಧ್ಯಾಯ ಮಾತ್ರ ಇಟ್ಟುಕೊಳ್ಳಿ. ಎಕ್ವಡಾರ್ ಒಂದೇ ಸಾಕು. ವೆನೆಜುವೆಲಾ ಮುಂದಿನ ಫೆಲೋಶಿಪ್‌ಗೆ ಇರಲಿ.