ಎರಡು ಗೆರೆಗಳ ಕಥೆ

ಇವತ್ತು ಮನಃಶಾಸ್ತ್ರದ ಕ್ಲಾಸಿನಲ್ಲಿ ಬೋರ್ಡ್ ಮೇಲೆ ಮ್ಯೂಲರ್-ಲೈಯರ್ ಎಂಬ ಕಣ್ಣಿಗೆ ಮೋಸ ಮಾಡುವ ಚಿತ್ರ ಬರೆದೆ. ಒಂದೇ ಉದ್ದದ ಎರಡು ಗೆರೆ, ತುದಿಯ ಬಾಣಗಳು ಮಾತ್ರ ಬೇರೆ. ಒಂದು ಗಿಡ್ಡ ಕಾಣುತ್ತದೆ.

“ಎಲ್ಲರ ಕಣ್ಣಿಗೂ ಹೀಗೇ ಅಲ್ವಾ ಮೇಡಂ?”

ಇಲ್ಲ! 1966ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಫ್ರಿಕದ ಕಲಹರಿ ಮರುಭೂಮಿಯ ಸ್ಯಾನ್ ಬುಡಕಟ್ಟಿನ ಜನ ಹೆಚ್ಚುಕಡಿಮೆ ಮೋಸ ಹೋಗಲೇ ಇಲ್ಲ. ಜಾಸ್ತಿ ಮೋಸ ಹೋದವರು ಅಮೆರಿಕದವರು. ಚೌಕ ಮೂಲೆಗಳ ಕೋಣೆಯಲ್ಲಿ ಬೆಳೆದದ್ದೇ ಕಾರಣ ಎನ್ನುವುದು ಒಂದು ವಾದ. ಆ ಜಗಳ ಇನ್ನೂ ಮುಗಿದಿಲ್ಲ.

ಆದರೂ ಎಷ್ಟೋ ಪಠ್ಯಪುಸ್ತಕಗಳಲ್ಲಿ ‘ಮನುಷ್ಯರು ಹೀಗೆ’ ಎಂದೇ ಇರುತ್ತದೆ. ಯಾವ ಮನುಷ್ಯರು? ಹೆಚ್ಚಾಗಿ ಪಾಶ್ಚಾತ್ಯ ದೇಶಗಳ ಕಾಲೇಜು ಹುಡುಗರು, ಅದೂ ಕೋರ್ಸಿನ ಕ್ರೆಡಿಟ್ ಆಸೆಗೆ ಪ್ರಯೋಗಕ್ಕೆ ಬಂದು ಕೂತವರು.

ನಾನೂ ಪಿಎಚ್‌ಡಿಗೆ ಸುಮ್ನೆ ಕೈಗೆ ಸಿಕ್ಕ ವಿದ್ಯಾರ್ಥಿಗಳನ್ನೇ ಹಿಡಿದು ಕೂರಿಸಿದ್ದೆ. ಅದನ್ನೂ ಒಪ್ಪಿಕೊಂಡೆ. ಇಡೀ ಕ್ಲಾಸು ನಕ್ಕಿತು.